ದಂಡುಬುಟ್ಟಿ ಗುಡ್ಡ

ನೆರಳಕುಂಟೆಯ ಕೆರೆ ನೋಡಲು ಹೋದವರಿಗೆ ಮೊದಲು ಕಾಣುವುದು ನೀರಲ್ಲ, ಏರಿಯ ಬಲತುದಿಗೆ ಆತುಕೊಂಡಿರುವ ಮಣ್ಣಿನ ಗುಡ್ಡ. ಕಲ್ಲೇ ತುಂಬಿದ ಆ ಸೀಮೆಯಲ್ಲಿ ಒಂದು ಬಂಡೆಯೂ ಇಲ್ಲದ ಗುಡ್ಡ ಅದೊಂದೇ. ಪೂರ್ತಿ ಕೆರೆಯ ಕಪ್ಪು ಹೂಳು. ಮೇಲೆ ಸೀತಾಫಲದ ಗಿಡಗಳು. ಊರವರು ಅದನ್ನು ದಂಡುಬುಟ್ಟಿ ಗುಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆ ಸಣ್ಣ ಪಾಳೆಯಗಾರನೊಬ್ಬನದಾಗಿತ್ತು. ತೆಂಕಣ ದೊರೆಯ ದಂಡು ಬಡಗಣ ದೊರೆಯ ಕೋಟೆಯನ್ನು ಮುತ್ತಿ ಕೂತಿತ್ತು. ಆ ದಂಡಿಗೆ ಜೋಳ ಮುಟ್ಟಿಸಲು ನೆರಳಕುಂಟೆಯ ದಾರಿಯೊಂದೇ. ದಾರಿ ಬಿಡದಿದ್ದರೆ ನಿನ್ನ ತಲೆ ಹೋದೀತೆಂದು ತೆಂಕಣದವರು ಹೇಳಿಕಳಿಸಿದರು. ಜೋಳ ದಾಟಿ ಬಂದರೆ ದಾರಿಯ ಮೇಲಿನ ಊರನ್ನು ಸುಡುತ್ತೇವೆಂದು ಬಡಗಣದವರು. ಪಾಳೆಯಗಾರ ದಾರಿ ಬಿಟ್ಟು ತಲೆ ಉಳಿಸಿಕೊಂಡ. ಸುಟ್ಟುಹೋಗುವ ಪಾಲು ನೆರಳಕುಂಟೆಗೆ ಬಂತು.

ಊರವರು ಗಂಟುಮೂಟೆ ಕಟ್ಟತೊಡಗಿದರು. ಕೆಂಚವ್ವ ಕಟ್ಟಲಿಲ್ಲ. ಗಂಡ ಸತ್ತ ಮೇಲೆ ಕೆರೆಯ ತೂಬು ಕಾಯುವ ಕೆಲಸ ಅವಳದು. ಮಾತು ಕಡಿಮೆ, ಕಣ್ಣು ಚುರುಕು. ದಿಗಂತದಲ್ಲಿ ಎದ್ದ ಧೂಳು ನೋಡಿಯೇ ಜೋಳ ಹೊತ್ತ ಹತ್ತು ಸಾವಿರ ಹೇರೆತ್ತುಗಳೆಂದು ಅಂದಾಜು ಹಾಕಿದಳು. ಆ ಕೆರೆಗೊಂದು ಕಟ್ಟಳೆಯಿತ್ತು. ಹೊರಗಿನವರು ಬಿಡಾರ ಹೂಡಿ ದನಕ್ಕೆ ನೀರು ಕುಡಿಸಿದರೆ, ದನಕ್ಕೊಂದು ಬುಟ್ಟಿ ಹೂಳೆತ್ತಿ ಏರಿಯ ಬಳಿ ಸುರಿಯಬೇಕು. ಅದೂ ಕೆರೆಯವ್ವನ ಮುಂದೆ ಪೂಜೆಯಾದ ಬುಟ್ಟಿಯಲ್ಲೇ.

ಕೆಂಚವ್ವ ಹೋಗಿ, ಜೋಳದ ಕಾವಲಿಗೆ ಬಂದಿದ್ದ ತೆಂಕಣದ ದಳವಾಯಿಯ ಕುದುರೆಗೆ ಅಡ್ಡ ನಿಂತು ಇದನ್ನು ಹೇಳಿದಾಗ ಅವನು ಹೊಟ್ಟೆ ಹಿಡಿದು ನಕ್ಕ. "ಬರೀ ಮಣ್ಣಾ? ನಿನ್ನ ಕೆರೆಯವ್ವನಿಗೆ ಆಸೆ ಭಾರಿ ಕಡಿಮೆ, ಮುದುಕಿ! ಹೊರಿಸೋಣ ಬಿಡು."

"ಮಾತು ಕೊಟ್ರಿ, ಧಣಿ," ಎಂದಳು ಕೆಂಚವ್ವ.

ಹೇರಿಳಿಸಿ ಎತ್ತುಗಳು ನೀರಿಗೆ ಬಾಯಿಟ್ಟ ಮೇಲೆ ಅವಳು ಗುಡಿಯಿಂದ ಬುಟ್ಟಿ ತಂದಳು. ಇದ್ದದ್ದು ಹನ್ನೆರಡೇ.

ಐದನೆಯ ದಿನಕ್ಕೆ ದಳವಾಯಿಯ ನಗೆ ಇಂಗಿತ್ತು. "ಸಾಕು, ಹೇರು ಕಟ್ರೋ!" ಎಂದು ಕತ್ತಿ ಹಿರಿದ. ಎತ್ತು ಹೊಡೆಯುವ ಲಂಬಾಣಿಗಳಲ್ಲಿ ಒಬ್ಬನೂ ಏಳಲಿಲ್ಲ. ಅವರ ಹಿರಿಯ ಥಾವರ್ಯಾ ನಾಯಕ ಕೂತಲ್ಲಿಂದಲೇ ಹೇಳಿದ: "ಎತ್ತು ಕುಡಿದಾಗಿದೆ, ಒಡೆಯಾ. ಮಣ್ಣು ಹಾಕದೆ ಹೋದ್ರೆ ನಾಳೆ ಯಾವ ಕೆರೆ ನಮ್ಮನ್ನ ಹತ್ರ ಸೇರಿಸುತ್ತೆ? ನನ್ನ ತಲೆ ಬೇಕಾದ್ರೆ ತೆಗೀರಿ. ಆಮೇಲೆ ಹತ್ತು ಸಾವಿರ ಎತ್ತಿಗೆ ಹೇರು ಕಟ್ಟೋಕೆ ನಿಮ್ಮ ಸವಾರರಿಗೆ ಬರುತ್ತಾ?"

ದಳವಾಯಿ ಕೆಂಚವ್ವನತ್ತ ತಿರುಗಿದ. "ನಿನ್ನ ಬುಟ್ಟಿಗಳನ್ನೇ ಸುಡಿಸ್ತೀನಿ!"

"ಸುಡಿಸಿ, ಧಣಿ. ಹೊಸಾವು ಹೆಣೀತೀವಿ. ಪೂಜೆಗೆ ಮಾತ್ರ ಅಮಾಸೆ ಬರ್ಬೇಕು. ಕಾಯ್ತೀರಾ?"

ಕತ್ತಿ ಒರೆಗೆ ಮರಳಿತು. ಇಪ್ಪತ್ತೊಂದನೆಯ ದಿನ ಕೊನೆಯ ಬುಟ್ಟಿ ಬೀಳುವ ಹೊತ್ತಿಗೆ ಬಡಗಣದಿಂದ ಸವಾರನೊಬ್ಬ ಬಂದ. ಮುತ್ತಿಗೆ ಹಾಕಿದ್ದ ದಂಡು ತನ್ನ ಕುದುರೆಗಳನ್ನೇ ತಿಂದು ಮುಗಿಸಿ, ಹಸಿವು ತಾಳದೆ ಬೇರೆ ದಿಕ್ಕಿಗೆ ಚದುರಿಹೋಗಿತ್ತು. ಜೋಳ ಬಂದ ದಾರಿಯಲ್ಲೇ ಹಿಂದಿರುಗಿತು. ಹೊರಡುವಾಗ ದಳವಾಯಿ ಒಂದೆತ್ತನ್ನೂ ನೀರಿನ ಹತ್ತಿರ ಬಿಡಲಿಲ್ಲವಂತೆ.

ಗುಡ್ಡ ಹತ್ತಿದವರಿಗೆ ಹಳೆಯ ದಾರಿ ಇಂದಿಗೂ ಕಾಣುತ್ತದೆ. ತೆಂಕಣದಿಂದ ಕೆರೆಯವರೆಗೆ ಅದು ಸಾವಿರಾರು ಗೊರಸು ತುಳಿದು ಮೊಣಕಾಲಾಳ ಸವೆದ ಓಣಿ. ಕೆರೆಯಿಂದಾಚೆ, ಬಡಗಣಕ್ಕೆ, ಬರೀ ಹುಲ್ಲು.