ಗಂಟೆಯ ನಾಲಗೆಗೆ ಕಟ್ಟಿದ ಬಟ್ಟೆ

ತಪ್ಪು ನಮ್ಮದು, ತಂತ್ರಾಂಶ ಬರೆಯುವವರದು. ಆಸ್ಪತ್ರೆಯ ಚೀಟಿಗಾಗಿ ಸಾವಿರಾರು ಜನ ಒಂದೇ ಬೆಳಗ್ಗೆ ಫೋನಿನಿಂದ ಕೇಳಿದರು. ಆಸ್ಪತ್ರೆಯ ಕಂಪ್ಯೂಟರ್ ಒಬ್ಬರಿಗೂ ಉತ್ತರ ಕೊಡಲಿಲ್ಲ. ಎಲ್ಲರೂ ಒಟ್ಟಿಗೆ ಯಾಕೆ ಬಂದಿರಿ ಎಂದು ನಾವು ಜನರನ್ನೇ ಬೈದೆವು.

ಕಂಪ್ಯೂಟರಿನ ಒಳಗೆ ಎಲ್ಲ ಕೆಲಸ ಹಂಚುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಹೊರಗಿನಿಂದ ತುಂಡುತುಂಡಾಗಿ ಬರುವ ಮಾಹಿತಿಯ ಪ್ಯಾಕೆಟ್‌ಗಳನ್ನು ಅದು ಬರಮಾಡಿಕೊಳ್ಳುವ ಭಾಗವನ್ನು ಬರೆದವನು ಮಾದೇಶ. ಅವನು ತನಗೆ ಈ ಕೆಲಸ ಕಲಿಸಿದ ಗುರುಗಳ ಬಳಿ ಬಂದು ಕೇಳಿದ:

"ಗುರುಗಳೇ, ಪ್ರತಿ ಪ್ಯಾಕೆಟ್ ಬಂದಾಗಲೂ ಅದನ್ನು ಹೊರಗಿನಿಂದ ಪಡೆಯುವ ನೆಟ್‌ವರ್ಕ್ ಕಾರ್ಡ್ ಕೂಗುತ್ತದೆ. ಪ್ರೊಸೆಸರ್ ಕೈಲಿದ್ದ ಕೆಲಸ ಬಿಟ್ಟು ಓಡುತ್ತದೆ. ಒಂದು ಕೂಗನ್ನೂ ಅದು ತಪ್ಪಿಸಿಲ್ಲ. ಆದರೂ ಕೆಲಸ ಯಾಕೆ ನಿಂತಿತು? ಇನ್ನೂ ದೊಡ್ಡ ಪ್ರೊಸೆಸರ್ ತರಿಸಲೇ?"

ಗುರುಗಳು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಬಾಗಿಲಲ್ಲಿ ಯಾರೂ ಕಾಯಬಾರದು ಎಂಬುದು ಅವನ ವ್ರತ. ಅದಕ್ಕೇ ಬಾಗಿಲಿಗೆ ಗಂಟೆ ಕಟ್ಟಿದ್ದ. ಗಂಟೆ ಕೇಳಿದರೆ ಅರೆಯುವ ಕಲ್ಲು ಬಿಟ್ಟು ಏಳುತ್ತಿದ್ದ. ರೋಗಿಯನ್ನು ಹಿಡಿದು ತಂದು ಒಳಗೆ ಕೂರಿಸಿ, ಕೈ ತೊಳೆದು, ಮತ್ತೆ ಅರೆಯಲು ಕೂರುತ್ತಿದ್ದ. ದಿನಕ್ಕೆ ಐದಾರು ಜನ ಬರುವ ಊರಿಗೆ ಅಷ್ಟು ಸಾಕಾಗಿತ್ತು.

ಒಂದು ವರ್ಷ ಊರಿಗೆಲ್ಲ ಜ್ವರ ಬಂತು. ವೈದ್ಯ ಕಲ್ಲಿನ ಮುಂದೆ ಕೂರುವಷ್ಟರಲ್ಲಿ ಗಂಟೆ. ಎದ್ದ, ಕರೆತಂದ, ಕೈ ತೊಳೆದ. ಮತ್ತೆ ಗಂಟೆ. ಕೋಣೆ ತುಂಬಿತು. ಆಮೇಲೂ ಗಂಟೆಗೆ ಓಡಿದ. ಬಂದವರನ್ನು ಒಳಗಿನವರೆಗೂ ನಡೆಸಿಕೊಂಡು ಬಂದು, ಜಾಗವಿಲ್ಲವೆಂದು ಹಿತ್ತಿಲ ಬಾಗಿಲಿನಿಂದ ಹೊರಗೆ ಕಳಿಸಿದ. ಮಧ್ಯಾಹ್ನ ಕಳೆದರೂ ಒಂದು ಬೇರನ್ನೂ ಅರೆದಿರಲಿಲ್ಲ.

ಮಗ್ಗದ ಕೆಲಸದವಳೊಬ್ಬಳು ಬೆಳಗ್ಗೆಯೇ ಗಂಡನನ್ನು ಕರೆತಂದು ಮಲಗಿಸಿದ್ದಳು. ಅವನ ಮೈ ಕೆಂಡವಾಗಿತ್ತು. ಅವಳು ಎದ್ದು ನಿಂತಳು.

"ಸ್ವಾಮಿ, ನೀವು ಕೈ ತೊಳೆಯೋದು ನೋಡಿ ನೋಡಿ ನನಗೇ ಚಳಿ ಹಿಡೀತು. ಔಷಧಿ ಯಾವಾಗ?"

"ಏನು ಮಾಡ್ಲಮ್ಮಾ? ಗಂಟೆ ಹೊಡೀತಿದ್ದಾರಲ್ಲ. ಬಾಗಿಲಲ್ಲಿ ಕಾಯಿಸೋಕಾಗುತ್ತಾ?"

"ಒಳಗೆ ಕಾಯೋದು ಕಾಯೋದಲ್ವಾ? ನೀವು ವೈದ್ಯರು ಗಂಟೆಗೋ, ನನ್ನ ಗಂಡನಿಗೋ?"

ಅವಳು ಸೆರಗಿನ ಅಂಚು ಹರಿದಳು. ಹೋಗಿ ಗಂಟೆಯ ನಾಲಗೆಗೆ ಸುತ್ತಿ ಕಟ್ಟಿದಳು.

"ಅಯ್ಯೋ, ಯಾರಾದ್ರೂ ಬಂದ್ರೆ ಗೊತ್ತಾಗೋದು ಹೇಗೆ?"

"ಕಣ್ಣಿದೆಯಲ್ಲ, ಕೈಲಿರೋದು ಮುಗಿಸಿ ಹೋಗಿ ನೋಡಿ."

ವೈದ್ಯ ಕೂತ. ಒಂದೇ ಸಲ ಎಂಟು ಜನರಿಗಾಗುವಷ್ಟು ಅರೆದ. ಅವನ ಕಲ್ಲು ಹಿಡಿಯುತ್ತಿದ್ದದ್ದೇ ಅಷ್ಟು. ಎಂಟು ಜನರಿಗೆ ಕುಡಿಸಿ ಕಳಿಸಿದ. ಒಳಗಿದ್ದವರ ಸರದಿ ಮುಗಿದ ಮೇಲೆ ತಾನೇ ಬಾಗಿಲಿಗೆ ಹೋಗಿ ಎಂಟು ಜನರನ್ನು ಕರೆತಂದ, ಒಂಬತ್ತನೆಯವರನ್ನು ಕರೆಯಲಿಲ್ಲ. ಸಾಲಿನ ಕೊನೆಯಲ್ಲಿದ್ದವರಿಗೆ ಬಾಗಿಲಲ್ಲೇ ಹೇಳಿದ: ಇವತ್ತು ನನ್ನ ಕೈಲಾಗದು, ಬೆಳಕಿರುವಾಗಲೇ ಪಕ್ಕದ ಊರಿಗೆ ಹೋಗಿ. ಬಾಗಿಲು ಖಾಲಿಯಾದಾಗ ಬಟ್ಟೆ ಬಿಚ್ಚಿದ. ಮತ್ತೆ ಗಂಟೆ ಕೇಳಿತು. ಬಟ್ಟೆ ಕಟ್ಟಿ, ಬಂದವರನ್ನು ಕರೆತಂದು ಕೆಲಸಕ್ಕೆ ಕೂತ.

ಮಗ್ಗದವಳ ಗಂಡ ಬದುಕಿದ. ಹಿತ್ತಿಲಿನಿಂದ ಹೋದವರಲ್ಲಿ ಎಲ್ಲರೂ ಬದುಕಲಿಲ್ಲ.

ಕತೆ ಮುಗಿಯಿತು. ಮಾದೇಶ ಹೇಳಿದ: "ಗುರುಗಳೇ, ಆ ವೈದ್ಯ ಸೋಮಾರಿಯಲ್ಲ. ಉಸಿರು ಕಟ್ಟುವಷ್ಟು ಓಡಿದ."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು. "ಹೌದಪ್ಪಾ, ಅದನ್ನು ಹಿತ್ತಿಲಿನಿಂದ ಹೋದವರಿಗೆ ಹೇಳು."

ಮಾದೇಶ ಎದ್ದು, ತಾನು ಬರೆದದ್ದನ್ನು ತಿದ್ದಲು ಹೋದ.

ಕರ್ನಲ್ ಬರೆಯುವವರೇ, ನೀವೂ ಸುಮ್ಮನೆ ಕೂರಬೇಡಿ. ಮೊದಲ ಕೂಗಿಗೆ ಎದ್ದು ಕೂಗನ್ನು ನಿಲ್ಲಿಸಿ. ಅಳತೆಯಷ್ಟೇ ಪ್ಯಾಕೆಟ್ ಒಳಗೆ ತನ್ನಿ, ತಂದದ್ದನ್ನು ಮುಗಿಸಿ. ಆಗದ್ದನ್ನು ಬಾಗಿಲಲ್ಲೇ ಬಿಡಿ. ಬಾಗಿಲು ಖಾಲಿಯಾದ ಮೇಲೆ ಮಾತ್ರ ಮತ್ತೆ ಕೂಗಲು ಬಿಡಿ. ಜ್ವರದವರು ಈಗಲೂ ಫೋನ್ ಹಿಡಿದು ಕಾಯುತ್ತಿದ್ದಾರೆ. ಆ ಬಟ್ಟೆಯನ್ನು ಇವತ್ತೇ ಕಟ್ಟಿ.