ಪತಂಗಗಳನ್ನು ಬರೆದ ರಾತ್ರಿ

ಭೂಮಿಯ ಮಣ್ಣು ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಆಗಷ್ಟೇ ಕೂತಿದ್ದವು, ನದಿಗಳು ದಾರಿ ಕೇಳಿಕೊಂಡು ಹೋಗುತ್ತಿದ್ದವು. ಆಗಿನ ಮಾತು ಇದು, ಮಗು.

ತನ್ನ ಮೇಲಿರುವ ಜೀವಗಳನ್ನೆಲ್ಲ ಬರೆದಿಡು ಎಂದು ಭೂಮಿತಾಯಿ ಸಣ್ಣೀರಜ್ಜಿ ಎಂಬ ಮುದುಕಿಗೆ ಹೇಳಿದ್ದಳು. ಪಟ್ಟಿಯಲ್ಲಿ ಹೆಸರಿದ್ದವರ ಮರಿಗಳಿಗೆ ಮಾತ್ರ ತಿನ್ನಲು ಸಿಗುವುದೆಂದು ಮಾತಾಗಿತ್ತು. ಅಜ್ಜಿ ಚಳಿಗಾಲವಿಡೀ ಇರುವೆ ಬರೆದಳು, ಕಪ್ಪೆ ಬರೆದಳು, ಬಾವಲಿ ಬರೆದಳು. ಬರೆದು ಬರೆದು ಸಾಕಾಗಿ ಹೋಗಿದ್ದಳು, ಪಾಪ. ಉಳಿದದ್ದು ಪತಂಗಗಳು, ಒಂದೇ ಒಂದು ರಾತ್ರಿ. ಬೆಳಗಾದರೆ ಮರಗಳು ಚಿಗುರುವ, ಮರಿಗಳಿಗೆ ತಿನ್ನಲು ಹಂಚುವ ದಿನ.

ಚಳಿ ಶಿವಶಿವಾ ಎಂದು ಹೊರಟುಹೋಗಿತ್ತು. ಅಜ್ಜಿ ಎರಡು ಹೊಂಗೆಮರಗಳ ನಡುವೆ ತನ್ನ ಬಿಳಿ ಸೀರೆ ಕಟ್ಟಿ, ಹಿಂದೆ ಹಣತೆ ಇಟ್ಟಳು. ಪತಂಗಗಳು ಬಂದು ಸೀರೆಗೆ ಅಂಟಿಕೊಂಡವು.

“ಹಸಿರುದ್ದು, ಬಾಲ ಇರೋದು, ಒಂದು,” ಎಂದು ಓಲೆಗರಿಯ ಮೇಲೆ ಗೀಚಿದಳು. ಬರೆದದ್ದನ್ನೇ ಮತ್ತೆ ಬರೆಯಬಾರದಲ್ಲ, ಅದಕ್ಕೆ ಬರೆದಾದ ಮೇಲೆ ರೆಕ್ಕೆಗೆ ಒಂದು ಚಿಟಿಕೆ ಬೂದಿ ಹಚ್ಚುತ್ತಿದ್ದಳು. ಮತ್ತೊಂದು ಬಂತು. ಬರೆದಳು, ಬೂದಿ ಹಚ್ಚಿದಳು. ಮತ್ತೊಂದು ಬಂತು.

“ಒಂದ್ಕಡೆ ಕೂತ್ಕೊಳ್ರೇ! ನಿಮ್ ಕಾಟಕ್ಕೆ ನನ್ ಕಣ್ಣೇ ಹೋಯ್ತು.”

“ಸ್ವಲ್ಪ ಮಲಗಬಾರ್ದೇನಜ್ಜಿ?” ಎಂದಿತು ಗಾಳಿ.

“ಮಲಗಿದ್ರೆ ಇವರ ಮರಿಗಳ ಹೊಟ್ಟೆಗೆ ಯಾರು, ನೀನು ಹಾಕ್ತೀಯಾ?”

ಆದರೆ ದಣಿದ ಮೈ ಬುದ್ಧಿಯ ಮಾತು ಕೇಳುವುದಿಲ್ಲ. ಮೊದಲು ಎಲ್ಲರಿಗೂ ಬೂದಿ ಎರಚಿಬಿಡೋಣ, ಆಮೇಲೆ ಒಟ್ಟಿಗೆ ಬರೆದರಾಯಿತು ಎಂದುಕೊಂಡು ಬೊಗಸೆ ಬೊಗಸೆ ಎರಚಿದಳು. ಎರಚಿ ಅಲ್ಲೇ ನಿದ್ದೆ ಹೋದಳು.

ಕೋಳಿ ಕೂಗಿತು. ಕಣ್ಣು ಬಿಟ್ಟರೆ ಎಲ್ಲರ ಮೈಮೇಲೂ ಬೂದಿ! ಯಾರನ್ನು ಬರೆದದ್ದು, ಯಾರನ್ನು ಬಿಟ್ಟದ್ದು?

ಕಂದು ಬಣ್ಣದ ಪುಟ್ಟ ಪತಂಗವೊಂದು ಹತ್ತಿರ ಬಂತು. ಅದರ ಹೊಟ್ಟೆ ತುಂಬ ಮೊಟ್ಟೆ.

“ಅಜ್ಜೀ, ನನ್ನ ಬರೆದ್ಯಾ?”

“ಗೊತ್ತಿಲ್ಲ ಕಣವ್ವ,” ಎಂದಳು ಅಜ್ಜಿ. ಅವಳಿಗೆ ಅಳು ಬಂತು. ಮೂಡಣ ಕೆಂಪಾಗುತ್ತಿತ್ತು, ಒಬ್ಬೊಬ್ಬರನ್ನೇ ಮತ್ತೆ ಬರೆಯಲು ಹೊತ್ತಿರಲಿಲ್ಲ. ಪಟ್ಟಿಯ ಕೊನೆಗೆ ಒಂದೇ ಸಾಲು ಸೇರಿಸಿದಳು: ‘ಇನ್ನೂ ಇದ್ದಾರೆ.’

ಭೂಮಿತಾಯಿ ಓದಿದಳು. “ಇದೇನೇ ಸಣ್ಣೀರಿ, ಮುಗೀಲಿಲ್ವಾ?”

“ಮುಗೀಲಿಲ್ಲ ತಾಯಿ. ತಪ್ಪು ನಂದು, ಅವರದ್ದಲ್ಲ.”

“ಹಾಗಾದ್ರೆ ಪಟ್ಟಿ ಮುಗಿಯೋವರೆಗೂ ಯಾರಿಗೂ ಇಲ್ಲ ಅನ್ನೋ ಹಾಗಿಲ್ಲ. ನೀನು ಮಲಗು,” ಎಂದು ಭೂಮಿತಾಯಿ ಎಲ್ಲರ ಮರಿಗಳಿಗೂ ಸಿಗುವಂತೆ ಮರಗಳನ್ನೆಲ್ಲ ಚಿಗುರಿಸಿದಳು.

ಆ ಪಟ್ಟಿ ಇವತ್ತಿಗೂ ಮುಗಿದಿಲ್ಲ. ಅದಕ್ಕೇ ಮಗು, ನಾವು ದೀಪ ಹೊತ್ತಿಸಿದ ಕೂಡಲೇ ರೆಕ್ಕೆಗೆ ಬೂದಿ ಮೆತ್ತಿಕೊಂಡ ಪತಂಗವೊಂದು ಬಂದು ಗೋಡೆಗೆ ಕೂರುತ್ತದೆ, ತನ್ನನ್ನು ಬರೆದಾಯಿತೇ ಎಂದು ಕೇಳಲು.