ಕಂಪೈಲರ್ ಹಾಕಿದ ಪ್ರಶ್ನೆಚಿಹ್ನೆಗಳು

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿದ್ದ ಫಿಲೋಮಿನಾ ಮೇಡಂ.

ಊರೊಂದರ ಕುಡಿಯುವ ನೀರಿನ ಯಂತ್ರಕ್ಕೆಂದು ಬರೆದ ಪ್ರೋಗ್ರಾಮಿನ ಫೈಲು, ತನ್ನನ್ನು ಯಂತ್ರದ ಭಾಷೆಗೆ ಇಳಿಸಿಕೊಡುವ ಕಂಪೈಲರಿನ ಬಳಿಗೆ ಹೋಯಿತು.

"ಸ್ವಾಮಿ, ನನ್ನಲ್ಲಿ ಕನ್ನಡದ ಸಾಲೊಂದಿದೆ: 'ಫಿಲ್ಟರ್ ಕೆಟ್ಟಿದೆ, ಈ ನೀರು ಕುಡಿಯಬೇಡಿ.' ಎಲ್ಲ ಭಾಷೆಗಳಿಗೂ ಸಲ್ಲುವ ಯೂನಿಕೋಡ್ ಅಕ್ಷರ. ತಮಗೆ ಓದಲು ಬರುತ್ತದೆ ತಾನೇ?"

ಕಂಪೈಲರಿಗೆ ಬರುತ್ತಿದ್ದುದು ಇಂಗ್ಲಿಷ್ ಅಕ್ಷರ ಮಾತ್ರ. ಆದರೆ ಹಾಗೆಂದು ಬಾಯಿಬಿಟ್ಟು ಒಪ್ಪಿಕೊಳ್ಳುವುದುಂಟೇ? "ನಿನ್ನಂಥ ಎಷ್ಟು ಫೈಲುಗಳನ್ನು ದಾಟಿಸಿದ್ದೇನೆ! ಸುಮ್ಮನೆ ಒಳಗೆ ಬಾ," ಎಂದಿತು. ತನಗೆ ಗೊತ್ತಿಲ್ಲದ ಪ್ರತಿ ಅಕ್ಷರದ ಜಾಗದಲ್ಲೂ ಒಂದೊಂದು ಪ್ರಶ್ನೆಚಿಹ್ನೆ ಇಟ್ಟು, "ತಪ್ಪುಗಳು: ಸೊನ್ನೆ" ಎಂದು ಬರೆದು ಕಳಿಸಿಕೊಟ್ಟಿತು.

ಮೂರು ತಿಂಗಳಿಗೆ ಫಿಲ್ಟರ್ ಕೆಟ್ಟಿತು. ಯಂತ್ರದ ಪರದೆಯ ತುಂಬ ಪ್ರಶ್ನೆಚಿಹ್ನೆಗಳು ಮೂಡಿದವು.

"ಇದೇನೋ ಕೇಳ್ತಾ ಇದೆ ಕಣಕ್ಕಾ," ಎಂದಳು ನೀರಿಗೆ ಬಂದವಳೊಬ್ಬಳು.

"ಕೇಳಲಿ ಬಿಡೇ. ನೀನು ಕೊಡ ಹಿಡಿ," ಎಂದಳು ಹಿಂದಿದ್ದವಳು.

ಆ ವಾರ ಅರ್ಧ ಊರು ಹೊಟ್ಟೆ ಹಿಡಿದುಕೊಂಡು ಮಲಗಿತು.

ಸುದ್ದಿ ತಿಳಿದ ಫೈಲು ಮತ್ತೆ ಕಂಪೈಲರಿನ ಮುಂದೆ ಬಂದು ನಿಂತಿತು. "ಅರ್ಥವಾಗದಿದ್ದರೆ ಕೇಳಬಾರದಿತ್ತೇ ಸ್ವಾಮಿ?"

"ಕೇಳಿದ್ದೆನಲ್ಲ! ಅಷ್ಟೊಂದು ಪ್ರಶ್ನೆಚಿಹ್ನೆ ಹಾಕಿರಲಿಲ್ಲವೇ?"

"ಹಾಕಿದ್ದಿರಿ. ಉತ್ತರ ಗೊತ್ತಿದ್ದ ನಾನು ಎದುರಿಗೇ ನಿಂತಿದ್ದೆ. ತಾವು ನೀರು ಕುಡಿಯುವವರನ್ನು ಕೇಳಿದಿರಿ."

ನಿಮ್ಮ ಆಫೀಸಿನಲ್ಲೂ ಎಲ್ಲದಕ್ಕೂ ಗೊತ್ತು ಗೊತ್ತು ಎಂದು ತಲೆಯಾಡಿಸುವವರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಇದನ್ನು ಹೇಳಿ. ನಾನು ಹೇಳಿದೆ ಎಂದು ಮಾತ್ರ ಹೇಳಬೇಡಿ.